ದಾಲ್ ಮಿಲ್ಲಿನ ಊರಲ್ಲಿ ಕಾಪಿರೈಟ್ ವಕೀಲನಿಗೆ ಏನು ಕೆಲಸ?

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಾನು ಕಲಬುರಗಿಯ ನೆಹರೂ ಗಂಜಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮಗ ಇಲ್ಲೇ ಐದು ವರ್ಷದ ಲಾ ಮುಗಿಸಿ ಸನ್ನದು ತೆಗೆದುಕೊಂಡ. ಎರಡು ವರ್ಷದಿಂದ ಒಬ್ಬ ಸೀನಿಯರ್ ಹತ್ತಿರ ಸಿವಿಲ್ ಪ್ರಾಕ್ಟೀಸ್ ಮಾಡುತ್ತಿದ್ದಾನೆ. ಪಾಲಿನ ದಾವೆ, ಒತ್ತುವರಿ, ಸ್ಟೇ ಅಂತ ಚೆನ್ನಾಗಿಯೇ ನಡೆದಿತ್ತು. ಆಳಂದ ಕಡೆಯ ಅವನ ಗೆಳೆಯನೊಬ್ಬ ಜಾನಪದ ಹಾಡುಗಾರ. ಆ ಹುಡುಗನ ಹಾಡನ್ನು ಯಾರೋ ಯೂಟ್ಯೂಬಿನಿಂದ ತೆಗೆಸಿದರು. ನಮ್ಮವನು ಏನೋ ಬರೆದು ಕಳಿಸಿದ, ಹಾಡು ವಾಪಸ್ ಬಂತು. ಅವತ್ತಿನಿಂದ ಐಪಿ (ಬೌದ್ಧಿಕ ಆಸ್ತಿ) ಮತ್ತು ಎಂಟರ್‌ಟೇನ್‌ಮೆಂಟ್ ಲಾ ಮಾಡುತ್ತೇನೆ, ಬೆಂಗಳೂರಿಗೆ ಇಲ್ಲವೇ ಮುಂಬೈಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅದು ಸಿನಿಮಾದವರ ಕೆಲಸ, ಸೈನ್ಸ್ ಓದಿದವರಿಗೆ ಮಾತ್ರ ಆಗಿಬರುತ್ತದೆ ಅಂತ ನೆಂಟರು ಹೇಳುತ್ತಾರೆ. ಹೈಕೋರ್ಟ್ ಪೀಠ ಇಲ್ಲೇ ಇದೆ, ಮಾಡುವುದಾದರೆ ಇಲ್ಲೇ ಮಾಡಬಾರದಾ? ಮಗಳ ಮದುವೆ ಮುಂದಿದೆ. ಇನ್ನೂ ನಾಲ್ಕು ವರ್ಷ ಅವನಿಗೆ ದುಡ್ಡು ಕಳಿಸುವ ಶಕ್ತಿ ನನಗಿಲ್ಲ. ನಮ್ಮ ಮಿಲ್ಲಿನ ಚೀಲದ ಹೆಸರನ್ನೇ ನಕಲು ಮಾಡಿ ಒಬ್ಬರು ಬೇಳೆ ಮಾರುತ್ತಿದ್ದಾರೆ. ಅದಕ್ಕೇ ನಮ್ಮ ಸಾಹುಕಾರರು ವಕೀಲರ ಹತ್ತಿರ ಹೋಗಿಲ್ಲ, ಇನ್ನು ಹಾಡು ಪಾಡಿಗೆ ಯಾರು ಹೋಗುತ್ತಾರೆ?

ಉತ್ತರ:

ಸರ್, ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳಿವೆ. ಇಲ್ಲಿ ಇಂಥ ಕೆಲಸ ಇದೆಯಾ ಅನ್ನುವುದು ಒಂದು. ಆ ಕೆಲಸಕ್ಕೆ ಫೀಸು ಕೊಡುವವರು ಇದ್ದಾರಾ ಅನ್ನುವುದು ಇನ್ನೊಂದು. ನಿಮ್ಮ ನೆಂಟರು ಎರಡನ್ನೂ ಕಲಸಿ ಒಂದೇ ಉತ್ತರ ಕೊಟ್ಟುಬಿಟ್ಟಿದ್ದಾರೆ.

ಮೊದಲನೆಯದಕ್ಕೆ ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಚೀಲದ ಹೆಸರು ನಕಲಾಗಿದೆಯಲ್ಲ, ಅದು ಐಪಿ ವಕೀಲರ ಕೆಲಸವೇ. ಸಾಹುಕಾರರು ಯಾರ ಹತ್ತಿರವೂ ಹೋಗಿಲ್ಲ ಅಂದರೆ ಕೆಲಸ ಇಲ್ಲ ಅಂತಲ್ಲ, ಅದನ್ನು ಮಾಡಿಕೊಡುವವರು ಊರಲ್ಲಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ ಅಂತ. ಎರಡನೆಯದಕ್ಕೆ ನನ್ನ ಉತ್ತರ ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ. ದುಡ್ಡಿನ ಮಾತಿಗೆ ಆಮೇಲೆ ಬರುತ್ತೇನೆ.

ಎಂಟರ್‌ಟೇನ್‌ಮೆಂಟ್ ಲಾಯರ್ ಅಂದ ತಕ್ಷಣ ಹೀರೋ ಪಕ್ಕದಲ್ಲಿ ನಿಂತ ಕರಿಕೋಟಿನ ಚಿತ್ರ ಕಣ್ಮುಂದೆ ಬರುತ್ತದೆ. ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿ ಕಲಬುರಗಿಗೆ ವಾಪಸ್ ಬಂದವಳು. ಹೀರೋಗಳನ್ನು ನಾನೂ ನೋಡುವುದು ಥಿಯೇಟರಿನಲ್ಲೇ. ದಿನದ ಬಹುಪಾಲು ಕಾಗದ ಓದುವುದರಲ್ಲಿ ಹೋಗುತ್ತದೆ. ಹಾಡು ಬರೆದವರ ಹತ್ತಿರ ಸಹಿ ಮಾಡಿಸಿದ್ದಾರಾ, ಕಥೆಯ ಹಕ್ಕು ಯಾರಿಂದ ಯಾರಿಗೆ ಹೋಯಿತು, ಮಧ್ಯದಲ್ಲಿ ಒಂದು ಕರಾರು ಕಾಣೆಯಾಗಿದೆಯಾ, ಟಿವಿ ಹಕ್ಕು ಕೊಟ್ಟ ಮೇಲೆ ಓಟಿಟಿ ಹಕ್ಕು ಉಳಿದಿದೆಯಾ, ಇಂಥದ್ದೇ. ಹೊಲ ಕೊಳ್ಳುವ ಮೊದಲು ಪಹಣಿ, ಮ್ಯುಟೇಶನ್ ತೆಗೆಸಿ ಹಿಂದಿನ ಹೆಸರುಗಳನ್ನು ಒಂದೊಂದಾಗಿ ನೋಡುವುದಿಲ್ಲವೇ, ಹಾಗೆ. ನಿಮ್ಮ ಮಗ ಎರಡು ವರ್ಷದಿಂದ ಮಾಡುತ್ತಿರುವುದೂ ಅದನ್ನೇ.

ಇನ್ನೂ ಒಂದು ಮಾತು ನಿಮಗೆ ಗೊತ್ತಿರಲಿ. ಅವನು ಪಾಲಿನ ದಾವೆಗಳಲ್ಲಿ ಕೇಳುವ ಸ್ಟೇ ಇದೆಯಲ್ಲ, ಸಿವಿಲ್ ಪ್ರೊಸೀಜರ್ ಕೋಡಿನ (ಸಿಪಿಸಿ) ಆರ್ಡರ್ 39, ಹಾಡು ಕದ್ದಾಗಲೂ ಬೇಳೆ ಚೀಲ ನಕಲಾದಾಗಲೂ ನಾವು ಕೇಳುವುದು ಅದೇ ಆರ್ಡರ್ 39ರ ಕೆಳಗೆ. ಮೇಲ್ನೋಟಕ್ಕೆ ಕೇಸಿದೆಯಾ, ತಡೆ ಕೊಡದಿದ್ದರೆ ತುಂಬಿಕೊಳ್ಳಲಾಗದ ನಷ್ಟ ಆಗುತ್ತದಾ, ಯಾರಿಗೆ ಜಾಸ್ತಿ ತೊಂದರೆ, ಈ ಮೂರು ಪ್ರಶ್ನೆ ಎರಡೂ ಕಡೆ ಒಂದೇ. ಹಾಗಾಗಿ ಸಿವಿಲ್ ಕೋರ್ಟಿನಲ್ಲಿ ಕಳೆದ ಎರಡು ವರ್ಷ ದಂಡವಾಗಿಲ್ಲ. ಬೆಂಗಳೂರಿನ ಎಷ್ಟೋ ಐಪಿ ಜೂನಿಯರ್‌ಗಳಿಗೆ ಡ್ರಾಫ್ಟ್ ಚೆನ್ನಾಗಿ ಬರುತ್ತದೆ, ಸಾಕ್ಷಿಯನ್ನು ಪಾಟಿ ಸವಾಲು ಮಾಡು ಅಂದರೆ ಬೆವರುತ್ತಾರೆ. ಯೂಟ್ಯೂಬಿನ ಸ್ಕ್ರೀನ್‌ಶಾಟನ್ನು ಕೋರ್ಟಿನಲ್ಲಿ ಪುರಾವೆಯಾಗಿ ನಿಲ್ಲಿಸಬೇಕಾದರೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ, ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಸರ್ಟಿಫಿಕೇಟ್ ಬೇಕು. ಟ್ರಯಲ್ ಮಾಡಿದ ಹುಡುಗನಿಗೆ ಇದು ತಟ್ಟನೆ ಹೊಳೆಯುತ್ತದೆ.

ಸೈನ್ಸ್ ಓದಿರಬೇಕು ಅನ್ನುವುದು ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಮಾತ್ರ. ಅದಕ್ಕೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಕಡ್ಡಾಯ. ಕಾಪಿರೈಟ್, ಟ್ರೇಡ್‌ಮಾರ್ಕ್, ಡಿಸೈನ್, ಜಿಐ (ಒಂದು ಊರಿನ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು), ಸಿನಿಮಾ ಕರಾರು, ಯಾವುದಕ್ಕೂ ಇಲ್ಲ. ಇದನ್ನು ನೆಂಟರಿಗೆ ಹೇಳಿ ಮುಗಿಸಿಬಿಡಿ.

ಹೈಕೋರ್ಟ್ ಪೀಠದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅದರಿಂದ ನಮ್ಮ ಭಾಗಕ್ಕೆ ದೊಡ್ಡ ಉಪಕಾರ ಆಗಿದೆ, ನಿಜ. ಆದರೆ ಐಪಿ ದಾವೆ ಶುರುವಾಗುವುದು ಹೈಕೋರ್ಟಿನಲ್ಲಲ್ಲ, ಜಿಲ್ಲಾ ಮಟ್ಟದ ಕೋರ್ಟಿನಲ್ಲಿ. ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್, ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಸೆಕ್ಷನ್, ಎರಡೂ ಇದನ್ನೇ ಹೇಳುತ್ತವೆ. ಅವುಗಳಲ್ಲಿ ಇನ್ನೊಂದು ಅನುಕೂಲ ಇದೆ. ದಾವೆ ಹಾಕುವವನು ತಾನು ವಾಸ ಇರುವ ಇಲ್ಲವೇ ವ್ಯಾಪಾರ ಮಾಡುವ ಊರಿನಲ್ಲೇ ಹಾಕಬಹುದು. ಬೆಂಗಳೂರಿನ ಕಂಪನಿ ಆಳಂದದ ಹುಡುಗನ ಹಾಡು ಕದ್ದರೆ ಅವನು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ಕಂಪನಿಯೇ ಇಲ್ಲಿಗೆ ಬರಬೇಕು. ಎಷ್ಟೋ ಕಲಾವಿದರಿಗೆ ಇದು ಗೊತ್ತೇ ಇಲ್ಲ.

ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಕಥೆ ಬೇರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಅರ್ಜಿ ಆನ್‌ಲೈನ್, ಆಕ್ಷೇಪಕ್ಕೆ ಉತ್ತರ ಆನ್‌ಲೈನ್, ವಿಚಾರಣೆಯೂ ವಿಡಿಯೊದಲ್ಲೇ. ಗಂಜಿನಲ್ಲಿ ಕೂತು ಮಾಡಬಹುದು. 2021ರಲ್ಲಿ ಐಪಿ ಮೇಲ್ಮನವಿ ಮಂಡಳಿಯನ್ನು ರದ್ದು ಮಾಡಿದ ಮೇಲೆ ಆ ಕೇಸುಗಳು ಹೈಕೋರ್ಟುಗಳಿಗೆ ಬಂದವು. ಚೆನ್ನೈ ರಿಜಿಸ್ಟ್ರಿಯ ಆದೇಶದ ಮೇಲಿನ ಅಪೀಲು ಸಾಮಾನ್ಯವಾಗಿ ಹೋಗುವುದು ಮದ್ರಾಸ್ ಹೈಕೋರ್ಟಿಗೆ. ಅಂದರೆ ಇಲ್ಲಿನ ಪೀಠ ಇದೆ ಅನ್ನುವ ಒಂದೇ ಕಾರಣಕ್ಕೆ ಇಲ್ಲೇ ಉಳಿಯುವುದು, ಅದು ಸಾಲದು ಅಂತ ಮುಂಬೈ ಬಸ್ಸು ಹತ್ತುವುದು, ಎರಡೂ ಅರ್ಧ ತಿಳಿದು ಮಾಡಿದ ತೀರ್ಮಾನ.

ಈಗ ನಿಮ್ಮ ಸಾಹುಕಾರರ ಚೀಲ. ಹೆಸರು ರಿಜಿಸ್ಟರ್ ಆಗಿಲ್ಲ ಅಂದುಕೊಳ್ಳೋಣ. ಆಗಲೂ ಹಕ್ಕು ಪೂರ್ತಿ ಹೋಗಿಲ್ಲ. ನಮ್ಮ ಕಾನೂನಿನಲ್ಲಿ ಮೊದಲು ರಿಜಿಸ್ಟರ್ ಮಾಡಿಸಿದವನಿಗಿಂತ ಮೊದಲು ಬಳಸಿದವನಿಗೆ ಬೆಲೆ. ಆದರೆ ಬಳಸಿದ್ದನ್ನು ತೋರಿಸಬೇಕು. ಅದು ನಿಮ್ಮ ಹತ್ತಿರವೇ ಇದೆ: ಹಳೆಯ ಬಿಲ್ಲು ಪುಸ್ತಕ, ಚೀಲ ಪ್ರಿಂಟ್ ಮಾಡಿದವರ ಇನ್ವಾಯ್ಸ್, ಲಾರಿ ರಸೀದಿ, ಹೆಸರಿರುವ ಜಾಹೀರಾತು. ಅತಿ ಹಳೆಯದು ಯಾವುದು ಸಿಗುತ್ತದೋ ಅದು ಚಿನ್ನ. ಲೆಕ್ಕ ಬರೆಯುವವರು ನೀವೇ ಆದ್ದರಿಂದ ಈ ಕೆಲಸಕ್ಕೆ ನಿಮಗಿಂತ ಬೇರೆ ಜನ ಬೇಡ. ಅರ್ಜಿಗೆ ಆನ್‌ಲೈನಿನಲ್ಲಿ ಸರ್ಕಾರಿ ಶುಲ್ಕ ಸರಕಿನ ಒಂದು ವರ್ಗಕ್ಕೆ 9,000 ರೂಪಾಯಿ. ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮ ಆದರೆ 4,500. ಮಿಲ್ಲಿಗೆ ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಅರ್ಧ ಉಳಿಯುತ್ತದೆ. ರಿಜಿಸ್ಟ್ರಿಯ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಹಾಕಬಹುದು. ರಿಜಿಸ್ಟರ್ ಆದರೆ ಹತ್ತು ವರ್ಷ, ಮತ್ತೆ ನವೀಕರಣ. ರಿಜಿಸ್ಟರ್ ಆಗುವ ಮೊದಲೇ ಚೀಲದ ಮೇಲೆ ವೃತ್ತದೊಳಗಿನ ಆರ್ ಗುರುತು ಹಾಕಿಸಬೇಡಿ, ಅದು ಕಾನೂನಿಗೆ ವಿರುದ್ಧ, ದಂಡ ಬೀಳುತ್ತದೆ. ಗಂಜಿನಲ್ಲಿ ಅಂಥ ಚೀಲಗಳನ್ನು ನಾನು ನೋಡಿದ್ದೇನೆ.

ಚೀಲದ ಚಿತ್ರ ಯಾರು ಬರೆದದ್ದು ಅಂತಲೂ ವಿಚಾರಿಸಿ. ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ ಬರೆದಿದ್ದರೆ, ಸಾಹುಕಾರರು ದುಡ್ಡು ಕೊಟ್ಟಿದ್ದರೂ, ಬರಹದಲ್ಲಿ ಹಕ್ಕು ಬರೆಸಿಕೊಳ್ಳದಿದ್ದರೆ ಆ ಚಿತ್ರದ ಕಾಪಿರೈಟ್ ಸಾಹುಕಾರರದ್ದೇ ಅಂತ ಗಟ್ಟಿಯಾಗಿ ಹೇಳಲಾಗುವುದಿಲ್ಲ. ಒಂದು ಪುಟದ ಹಕ್ಕುಪತ್ರದಲ್ಲಿ ಮುಗಿಯುವ ಮಾತು. ಜಗಳ ಶುರುವಾದ ಮೇಲೆ ಅದೇ ಸಹಿಗೆ ಎಷ್ಟು ಕೇಳುತ್ತಾರೋ ಗೊತ್ತಿಲ್ಲ.

ಮತ್ತೆ, ಚೀಲದ ಮೇಲೆ ‘ಗುಲಬರ್ಗಾ ತೊಗರಿ ಬೇಳೆ’ ಅಂತಿದ್ದರೆ ಆ ಭಾಗ ಯಾವ ಮಿಲ್ಲಿನ ಸ್ವತ್ತೂ ಅಲ್ಲ. 2019ರಲ್ಲಿ ಅದಕ್ಕೆ ಜಿಐ ಸಿಕ್ಕಿದೆ. ಆ ಹೆಸರು ಬಳಸಲು ಅಧಿಕೃತ ಬಳಕೆದಾರ ಅಂತ ಹೆಸರು ನೋಂದಾಯಿಸಿಕೊಳ್ಳುವ ದಾರಿ ಇದೆ. ಜಿಐ ಕಾನೂನಿನಲ್ಲಿ ಉತ್ಪಾದಕ ಅಂದರೆ ಬೆಳೆದ ರೈತ ಮಾತ್ರವಲ್ಲ, ಬೇಳೆ ಮಾಡಿ ಪ್ಯಾಕ್ ಮಾಡುವವರೂ ಬರುತ್ತಾರೆ. ಬೀದರಿನ ಬಿದರಿ ಕಲೆಗೂ ಜಿಐ ಇದೆ. ಅಲ್ಲಿನ ಕುಶಲಕರ್ಮಿಗಳಲ್ಲಿ ಎಷ್ಟು ಜನ ತಮ್ಮ ಹೆಸರು ಹಾಕಿಸಿಕೊಂಡಿದ್ದಾರೆ, ಹೊಸ ನಮೂನೆ ಮಾಡಿದಾಗ ಡಿಸೈನ್ ರಿಜಿಸ್ಟರ್ ಮಾಡಿಸುತ್ತಾರಾ ಅಂತ ನಿಮ್ಮ ಮಗ ಒಂದು ದಿನ ಅಲ್ಲಿಗೆ ಹೋಗಿ ಕೇಳಿಕೊಂಡು ಬರಲಿ. ನಮ್ಮ ಕಡೆ ಕೆಲಸ ಎಲ್ಲಿ ಬಿದ್ದಿದೆ ಅಂತ ಅವನಿಗೇ ತಿಳಿಯುತ್ತದೆ.

ಹಾಡಿನ ವಿಷಯ. ನಿಮಗೆ ಅದು ಹುಚ್ಚಿನ ಹಾಗೆ ಕಂಡಿದೆ. ನನಗೆ ಅದರಲ್ಲೇ ಹುಡುಗನ ಕೈಚಳಕ ಕಂಡಿತು, ಸ್ವಲ್ಪ ಹೆದರಿಕೆಯೂ ಆಯಿತು.

ಯೂಟ್ಯೂಬಿನಲ್ಲಿ ಎರಡು ಬಗೆ ಇದೆ. ಒಂದು, ಯಂತ್ರ ತಾನಾಗಿ ಹಾಕುವ ಕ್ಲೇಮ್. ಅದು ಹಕ್ಕು ಯಾರದ್ದು ಅಂತ ನೋಡುವುದಿಲ್ಲ, ದನಿ ಹೊಂದುತ್ತದಾ ಅಂತ ನೋಡುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಒಂದು ಕಂಪನಿ ರೆಕಾರ್ಡ್ ಮಾಡಿರುತ್ತದೆ. ನಿಮ್ಮೂರಿನ ಭಜನಾ ಮೇಳ ಅದೇ ಪದವನ್ನು ಅದೇ ಮಟ್ಟಿನಲ್ಲಿ ಹಾಡಿ ಹಾಕುತ್ತದೆ. ಯಂತ್ರಕ್ಕೆ ಎರಡೂ ಒಂದೇ ಅನ್ನಿಸಿ ಜಾಹೀರಾತಿನ ದುಡ್ಡು ಕಂಪನಿಗೆ ಹೋಗುತ್ತದೆ. ಪದ ಯಾರ ಸ್ವತ್ತೂ ಅಲ್ಲ. ಬರೆದವರು ತೀರಿಕೊಂಡು 60 ವರ್ಷ ದಾಟಿದರೆ ಸಾಹಿತ್ಯದ ಕಾಪಿರೈಟ್ ಮುಗಿಯುತ್ತದೆ. ಕಂಪನಿಗೆ ಇರುವುದು ತನ್ನ ರೆಕಾರ್ಡಿಂಗಿನ ಹಕ್ಕು ಮಾತ್ರ. ಇಂಥ ಕ್ಲೇಮಿಗೆ ತಕರಾರು ಹಾಕಿದರೆ ಎದುರಿನವರು 30 ದಿನದೊಳಗೆ ಉತ್ತರ ಕೊಡಬೇಕು.

ಎರಡನೆಯದು, ಮನುಷ್ಯರು ಬರೆದು ತೆಗೆಸುವುದು. ಇದರಲ್ಲಿ ಸ್ಟ್ರೈಕ್, ಅಂದರೆ ಚಾನೆಲ್ಲಿನ ಮೇಲೆ ಎಚ್ಚರಿಕೆಯ ಗುರುತು ಬೀಳುತ್ತದೆ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ನಿಮ್ಮ ಮಗ ಎದುರಿಸಿದ್ದು ಬಹುಶಃ ಇದನ್ನು. ಅವನು ಕೌಂಟರ್ ನೋಟಿಸ್ ಕಳಿಸಿರಬೇಕು. ಅದು ಸುಮ್ನೆ ಒಂದು ಫಾರ್ಮ್ ಅಲ್ಲ. ‘ಈ ಹಾಡು ನನ್ನದು, ತಪ್ಪಾಗಿ ತೆಗೆದಿದ್ದೀರಿ’ ಅಂತ ಪ್ರಮಾಣ ಮಾಡಿ, ಹೆಸರು ವಿಳಾಸ ಕೊಟ್ಟು, ಕೋರ್ಟಿಗೆ ಬಾ ಅಂದರೆ ಬರುತ್ತೇನೆ ಅಂತ ಒಪ್ಪಿಕೊಂಡ ಹಾಗೆ. ಎದುರಿನವರು ಹತ್ತು ಕೆಲಸದ ದಿನದೊಳಗೆ ಕೋರ್ಟಿಗೆ ಹೋದ ಪುರಾವೆ ತೋರಿಸದಿದ್ದರೆ ಹಾಡು ವಾಪಸ್ ಬರುತ್ತದೆ. ಹೋಗಲಿಲ್ಲ, ಬಂತು. ಹೋಗಿದ್ದರೆ?

ನನ್ನ ಹೆದರಿಕೆ ಅದೇ. ನಮ್ಮ ಕಡೆಯ ಡಿಜೆ ಜಾನಪದ ಹಾಡುಗಳಲ್ಲಿ ಎಷ್ಟೋ ಹಾಡುಗಳ ಮಟ್ಟು ಯಾವುದೋ ಸಿನಿಮಾದ್ದು. ಸಾಹಿತ್ಯ ಹುಡುಗನದ್ದೇ, ಟ್ಯೂನ್ ಮಾತ್ರ ಎರವಲು. ಏಳು ಸೆಕೆಂಡ್ ಬಳಸಿದರೆ ತಪ್ಪಿಲ್ಲ, ‘ಕ್ರೆಡಿಟ್ ಕೊಟ್ಟಿದ್ದೇವೆ’ ಅಂತ ಹಾಕಿದರೆ ನಡೆಯುತ್ತದೆ ಅಂತ ಹೇಳುವವರಿದ್ದಾರೆ. ಎರಡೂ ಸುಳ್ಳು. ಕಾನೂನಿನಲ್ಲಿ ಸೆಕೆಂಡಿನ ಲೆಕ್ಕ ಇಲ್ಲ. ಕೌಂಟರ್ ಕಳಿಸುವ ಮೊದಲು ನಿಮ್ಮ ಮಗ ಗೆಳೆಯನನ್ನು ಕೂರಿಸಿಕೊಂಡು ‘ಈ ಮಟ್ಟು ಎಲ್ಲಿಂದ ಬಂತು’ ಅಂತ ಕೇಳಿದ್ದನಾ? ಕೇಳಿದ್ದರೆ ಅವನಿಗೆ ಈ ಕೆಲಸದ ಬುದ್ಧಿ ಇದೆ. ಕೇಳದೆ ಕಳಿಸಿದ್ದರೆ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

ಈ ಕೆಲಸ ಹೇಗಿರುತ್ತದೆ ಅಂತ ನಿಮಗೆ ಕಾಣಲಿ ಅಂತ ಒಂದು ಕಾಗದ ತೋರಿಸುತ್ತೇನೆ. ಯಾದಗಿರಿ ಜಿಲ್ಲೆಯ ಒಬ್ಬ ಹಾಡುಗಾರ ನನ್ನ ಹತ್ತಿರ ತಂದದ್ದು. ಮೊಹರಂ ಹೊತ್ತಿಗೆ ರಿವಾಯತ್ ಪದ ಹಾಡುವವರು, ತಾವೇ ಪದ ಕಟ್ಟುವವರು. ನೂರು ರೂಪಾಯಿ ಬಾಂಡ್ ಮೇಲೆ ಎರಡು ಪುಟ ಇಂಗ್ಲಿಷು. ಪ್ರತಿ ಪುಟದ ಕೆಳಗೆ ಅವರ ಸಹಿ, ಕನ್ನಡದಲ್ಲಿ. ಮೂರನೇ ಕಲಮಿನ ಸಾರ ಇಷ್ಟು: ಈ ಎಂಟು ಹಾಡುಗಳು ಮತ್ತು ಮುಂದಿನ ಮೂರು ವರ್ಷ ಹಾಡುಗಾರ ಕಟ್ಟುವ ಎಲ್ಲ ಹಾಡುಗಳ ಸಕಲ ಹಕ್ಕೂ, ಇಡೀ ಜಗತ್ತಿಗೆ, ಶಾಶ್ವತವಾಗಿ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ ಕಂಪನಿಗೆ ಸೇರಿದ್ದು. ಅದರ ಕೆಳಗೆ ಚಿಕ್ಕದೊಂದು ಸಾಲು: ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ ಈ ಕರಾರಿಗೆ ಅನ್ವಯಿಸದು.

‘ಮೇಡಂ, ಹಾಡು ಹಾಕ್ತೀವಿ, ಒಂದು ಸಹಿ ಮಾಡ್ರಿ ಅಂದ್ರು, ಮಾಡಿದೆ’ ಅಂದರು ಅವರು. ಕೈಗೆ ಬಂದದ್ದು ಕೆಲವು ಸಾವಿರ ರೂಪಾಯಿ.

ಆ ಚಿಕ್ಕ ಸಾಲು ಯಾಕೆ ಅಂತ ನೋಡಿ. ಹಕ್ಕು ಬರೆಸಿಕೊಂಡವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಹಕ್ಕು ಬರೆದುಕೊಟ್ಟವನಿಗೆ ವಾಪಸ್ ಅನ್ನುತ್ತದೆ ಆ ಉಪವಿಧಿ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ. ಒಂದು ಸಾಲು ಸೇರಿಸಿ ಆ ಬಾಗಿಲು ಮುಚ್ಚಿದ್ದಾರೆ. ಇನ್ನೆರಡು ಇಂಥ ಉಪವಿಧಿಗಳಿವೆ. ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ, ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ‘ಶಾಶ್ವತ’, ‘ಇಡೀ ಜಗತ್ತು’ ಅಂತ ಬರೆದು ಅವನ್ನೂ ದಾಟಿದ್ದಾರೆ. ಕಾನೂನಿಗೆ ವಿರುದ್ಧ ಏನೂ ಇಲ್ಲ. ಕಾನೂನು ಬಲ್ಲವರೇ ಕೂತು ಬರೆದದ್ದು.

ಆದರೂ ಎರಡು ಕಡೆ ಹಿಡಿತ ಸಿಕ್ಕಿತು. ಅದೇ ಕಾಯ್ದೆಗೆ 2012ರ ತಿದ್ದುಪಡಿ ಬಂದ ಮೇಲೆ, ಕರಾರಿನ ದಿನ ಇಲ್ಲದೇ ಇದ್ದ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೇಳದಿದ್ದರೆ ಅದು ಕರಾರಿಗೆ ಸೇರುವುದಿಲ್ಲ. ‘ಮುಂದೆ ಬರುವ ಎಲ್ಲ’ ಅನ್ನುವುದು ನಿರ್ದಿಷ್ಟ ಅಲ್ಲ ಅಂತ ವಾದಿಸಬಹುದು. ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದು. ಅದೇ ತಿದ್ದುಪಡಿ, ಪದ ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿ ಪಾಲನ್ನು ಬರೆದುಕೊಟ್ಟರೂ ಹೋಗದ ಹಾಗೆ ಕಟ್ಟಿಹಾಕಿದೆ. ಸಾಹುಕಾರನಾಗಲಿ ಕಂಪನಿಯಾಗಲಿ ‘ನೀನು ಸಹಿ ಮಾಡಿದ್ದೀಯಲ್ಲ’ ಅಂದರೆ ಆ ಪಾಲು ಮಾಯ ಆಗುವುದಿಲ್ಲ. ಹಾಡಿದವರಿಗೂ ತಮ್ಮ ಹಾಡುಗಾರಿಕೆಯನ್ನು ವ್ಯಾಪಾರಕ್ಕೆ ಬಳಸಿದಾಗ ರಾಯಲ್ಟಿ ಕೇಳುವ ಹಕ್ಕಿದೆ. ಪದ ಕಟ್ಟಿದವರು, ಮಟ್ಟು ಹಾಕಿದವರು, ಹಾಡಿದವರು, ರೆಕಾರ್ಡ್ ಮಾಡಿಸಿದವರು, ಒಂದು ಹಾಡಿಗೆ ನಾಲ್ಕು ಹಕ್ಕುದಾರರು. ನಮ್ಮ ಹಾಡುಗಾರರು ಮೊದಲ ಮೂರೂ ತಾವೇ ಆಗಿರುತ್ತಾರೆ, ಸಹಿ ಮಾಡುವಾಗ ಒಂದಕ್ಕೆ ಮಾತ್ರ ಮಾಡಿದ್ದೇವೆ ಅಂದುಕೊಂಡಿರುತ್ತಾರೆ.

ಕರಾರು ತೀರ ಅನ್ಯಾಯದ್ದು ಅಂತ ರದ್ದು ಮಾಡಿಸುವ ದಾರಿಯೂ ಇದೆ, 19ಎ ಸೆಕ್ಷನ್. ಆದರೆ ಕರಾರಾಗಿ ಐದು ವರ್ಷ ಆಗುವ ತನಕ ರದ್ದತಿ ಆದೇಶ ಸಿಗುವುದಿಲ್ಲ. ಹಾಗಾಗಿ ಆ ಹಾಡುಗಾರರಿಗೆ ಕೋರ್ಟಿಗಿಂತ ಮಾತುಕತೆಯೇ ಮೇಲು ಅಂತ ಹೇಳಿದೆ. ಮುಂದಿನ ಮೂರು ವರ್ಷದ ಹಾಡುಗಳನ್ನು ಕಂಪನಿ ಬಿಟ್ಟುಕೊಟ್ಟಿತು. ಎಂಟು ಹಾಡು ಕಂಪನಿಯ ಹತ್ತಿರವೇ ಉಳಿಯಿತು. ಇದು ಗೆಲುವಾ ಅಂತ ನೀವು ಕೇಳಬಹುದು. ಈ ಕೆಲಸದಲ್ಲಿ ಗೆಲುವು ಹೆಚ್ಚಾಗಿ ಹೀಗೇ ಇರುತ್ತದೆ. ಸಹಿಗೆ ಒಂದು ದಿನ ಮೊದಲು ಬಂದಿದ್ದರೆ ಎರಡು ಸಾಲು ಅಳಿಸಿ, ಒಂದು ಸಾಲು ಸೇರಿಸಿ ಮುಗಿಸಬಹುದಿತ್ತು. ನಿಮ್ಮ ಮಗನಿಗೆ ಇಲ್ಲಿ ನೆಲೆ ಸಿಗುವುದಾದರೆ ಅದು ಆ ಒಂದು ದಿನದಲ್ಲೇ. ಬೆಂಗಳೂರಿನ ದೊಡ್ಡ ಆಫೀಸಿನವರು ಈ ಇಂಗ್ಲಿಷನ್ನು ನನಗಿಂತ ಚೆನ್ನಾಗಿ ಓದುತ್ತಾರೆ. ಆದರೆ ಓದಿದ್ದನ್ನು ಯಾದಗಿರಿಯ ಹಾಡುಗಾರರಿಗೆ ಅವರ ಮಾತಿನಲ್ಲಿ ಕೂತು ಬಿಡಿಸಿ ಹೇಳುವವರು ಅಲ್ಲಿ ಕಡಿಮೆ.

ದುಡ್ಡಿನ ಮಾತಿಗೆ ಬಂದೆ. ಆ ಹಾಡುಗಾರರು ನನಗೆ ಕೊಟ್ಟ ಫೀಸಿನಿಂದ ಆಫೀಸಿನ ಕರೆಂಟ್ ಬಿಲ್ಲೂ ತುಂಬುವುದಿಲ್ಲ. ಹೀಗೆ ಬರುವವರೇ ಜಾಸ್ತಿ. ದುಡ್ಡು ಕೊಡುವುದು ವ್ಯಾಪಾರಿಗಳು: ದಾಲ್ ಮಿಲ್ಲು, ಮಸಾಲೆ, ರೊಟ್ಟಿ ಕೇಂದ್ರ, ಆಸ್ಪತ್ರೆ, ಕೋಚಿಂಗ್ ಸೆಂಟರು. ಅವರಿಗೆ ಹೆಸರು ಬೇಕು, ಹೆಸರು ನಕಲಾದರೆ ನಷ್ಟ ಕಣ್ಣಿಗೆ ಕಾಣುತ್ತದೆ. ಅಂದರೆ ಟ್ರೇಡ್‌ಮಾರ್ಕ್ ಅಕ್ಕಿ ಬೇಳೆಗೆ, ಹಾಡು ಮನಸ್ಸಿಗೆ. ಬರೀ ಅರ್ಜಿ ತುಂಬುವ ಕೆಲಸವನ್ನು ನಂಬಬಾರದು. ಆನ್‌ಲೈನ್ ಏಜೆನ್ಸಿಗಳು ಕವಡೆ ಕಾಸಿಗೆ ಮಾಡಿಕೊಡುತ್ತವೆ. ಆಕ್ಷೇಪ ಬಂದಾಗ ಉತ್ತರ ಬರೆಯುವುದು, ವಿರೋಧದ ಕೇಸು ನಡೆಸುವುದು, ಸ್ಟೇ ತರುವುದು, ಅಲ್ಲಿ ವಕೀಲ ಬೇಕು, ಅಲ್ಲಿ ಫೀಸೂ ಬರುತ್ತದೆ.

ಈಗ ಅವನ ಮುಂದಿರುವ ದಾರಿಗಳು.

ಇಲ್ಲೇ ಸೀನಿಯರ್ ಹತ್ತಿರ ಸಿವಿಲ್ ಮುಂದುವರಿಸಿ, ಪಕ್ಕದಲ್ಲಿ ಇದನ್ನು ಬೆಳೆಸುವುದು ಒಂದು. ನಿಮ್ಮ ಕೈಯಿಂದ ದುಡ್ಡು ಹೋಗುವುದಿಲ್ಲ. ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ವಿಪೋ ನಡೆಸುವ ಅಕಾಡೆಮಿಯ ಐಪಿ ಮೂಲ ಕೋರ್ಸು ಆನ್‌ಲೈನಿನಲ್ಲಿ ಉಚಿತ. ಟ್ರೇಡ್‌ಮಾರ್ಕ್ ಜರ್ನಲ್ ವಾರಕ್ಕೊಮ್ಮೆ, ಸೋಮವಾರ, ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಊರಿನ ವ್ಯಾಪಾರಿಗಳ ಹೆಸರಿಗೆ ಹತ್ತಿರದ ಅರ್ಜಿ ಯಾವುದು ಬಂದಿದೆ ಅಂತ ಹುಡುಕುತ್ತಾ ಹೋದರೆ ಕೆಲವೇ ತಿಂಗಳಲ್ಲಿ ಕಣ್ಣು ಪಳಗುತ್ತದೆ. ಇದರ ಅಪಾಯ ಅಂದರೆ ಕಲಿಸುವವರು ಪಕ್ಕದಲ್ಲಿ ಇರುವುದಿಲ್ಲ. ಪುಸ್ತಕ ನೋಡಿ ಕರಾರು ಬರೆದರೆ ಯಾವ ಸಾಲು ಬಿಟ್ಟೆ ಅಂತ ಗೊತ್ತಾಗುವುದು ಜಗಳ ಬಂದಾಗಲೇ.

ಬೆಂಗಳೂರಿನ ಐಪಿ ಆಫೀಸೊಂದಕ್ಕೆ ಸೇರುವುದು ಇನ್ನೊಂದು. ನನ್ನನ್ನು ಕೇಳಿದರೆ ಇದೇ ಸರಿ, ಎರಡು ಮೂರು ವರ್ಷಕ್ಕೆ. ಕಾಪಿರೈಟ್ ಕಾಯ್ದೆಯನ್ನು ಇಲ್ಲೂ ಓದಬಹುದು. ಐವತ್ತು ಬಗೆಯ ಕರಾರು ಕಣ್ಣಿಗೆ ಬೀಳುವುದು ಅಲ್ಲಿ. ಜೂನಿಯರ್‌ಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಸೂಚಿಸಿದೆ. ಅದು ಸಲಹೆ, ಕಡ್ಡಾಯವಲ್ಲ. ಸಂದರ್ಶನದಲ್ಲಿ ನಾಚಿಕೊಳ್ಳದೆ ಸ್ಟೈಪೆಂಡ್ ಎಷ್ಟು ಅಂತ ಕೇಳಲಿ. ಅದರಲ್ಲಿ ಬಾಡಿಗೆ, ಊಟ, ಬಸ್ ಪಾಸ್ ಕಳೆದು ನಿಮ್ಮಿಂದ ಎಷ್ಟು ಬೇಕಾಗುತ್ತದೆ ಅಂತ ಹಾಳೆಯಲ್ಲಿ ಬರೆದು ತೋರಿಸಲಿ. ಕೊಡುವುದು ಇಷ್ಟು, ಇಷ್ಟು ತಿಂಗಳು ಅಂತ ನೀವೂ ಈಗಲೇ ಹೇಳಿಬಿಡಿ. ಮಗಳ ಮದುವೆಯ ದುಡ್ಡಿಗೆ ಕೈ ಹಾಕಬೇಡಿ.

ಸಿನಿಮಾ ಅಥವಾ ಓಟಿಟಿ ಕಂಪನಿಯಲ್ಲಿ ಲೀಗಲ್ ನೌಕರಿ ಅಂತ ಮೂರನೆಯದು ಬರಬಹುದು. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ನಿಮಗೂ ನೆಮ್ಮದಿ. ಆದರೆ ಪೂರ್ಣಾವಧಿ ಸಂಬಳದ ನೌಕರಿ ಹಿಡಿದರೆ ಬಾರ್ ಕೌನ್ಸಿಲ್ಲಿಗೆ ತಿಳಿಸಿ ಸನ್ನದು ಅಮಾನತಿನಲ್ಲಿ ಇಡಬೇಕು. ಕೋರ್ಟಿನ ರೂಢಿ ತಪ್ಪುತ್ತದೆ. ಕೋರ್ಟಿನ ಗುಣ ಇರುವ ಹುಡುಗನಿಗೆ ಅದು ಚಿಕ್ಕ ಬೆಲೆಯಲ್ಲ.

ಮುಂಬೈ ಈಗ ಬೇಡ. ಕೆಲಸ ಇಲ್ಲ ಅಂತಲ್ಲ, ದೊಡ್ಡ ಸಂಗೀತ ಕಂಪನಿಗಳು ಅಲ್ಲೇ ಇವೆ. ಖರ್ಚು ಜಾಸ್ತಿ, ಪರಿಚಯ ಇಲ್ಲ. ನಿಮ್ಮ ಮಗನ ದೊಡ್ಡ ಬಂಡವಾಳ ಕನ್ನಡ, ಅಲ್ಲಿ ಅದಕ್ಕೆ ಬೆಲೆ ಸಿಗುವುದಿಲ್ಲ.

ಎರಡು ಎಚ್ಚರಿಕೆ ಅವನಿಗೇ ಹೇಳಬೇಕಾದದ್ದು. ಹಾಡು ವಾಪಸ್ ಬಂದ ಖುಷಿಯಲ್ಲಿ ‘ನಿಮ್ಮ ಚಾನೆಲ್ ಸ್ಟ್ರೈಕಿಗೆ ನನ್ನನ್ನು ಸಂಪರ್ಕಿಸಿ’ ಅಂತ ರೀಲ್ಸ್ ಮಾಡಬಾರದು. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ 36. ಮತ್ತೆ, ಅಖಿಲ ಭಾರತ ಬಾರ್ ಪರೀಕ್ಷೆ ಪಾಸು ಮಾಡಿದ್ದಾನಾ ಅಂತ ನೀವು ಬರೆದಿಲ್ಲ. ಸನ್ನದು ಸಿಕ್ಕ ಎರಡು ವರ್ಷದೊಳಗೆ ಮುಗಿಸಬೇಕಾದದ್ದು ಅದು. ಉಳಿದಿದ್ದರೆ ಬೆಂಗಳೂರಿನ ಮಾತು ಆಮೇಲೆ.

ಸಾಹುಕಾರರ ಚೀಲದ ಕೆಲಸ ಅವನಿಗೇ ಕೊಡಿಸಬೇಕು ಅಂತ ನಿಮಗೆ ಅನ್ನಿಸಬಹುದು. ಕೊಡಿಸಿ, ಆದರೆ ಅವನ ಸೀನಿಯರ್ ಮೂಲಕ. ಫೀಸು ಎಷ್ಟು ಅಂತ ಮೊದಲೇ ಬರಹದಲ್ಲಿ ಇರಲಿ. ನಿಮ್ಮ ನೌಕರಿ ಅಲ್ಲೇ ಇರುವುದರಿಂದ ಕೇಸು ಹೆಚ್ಚುಕಡಿಮೆ ಆದರೆ ಮಾತು ನಿಮ್ಮ ಮೇಲೆ ಬರುತ್ತದೆ. ನೋಟಿಸ್ ಕೊಡಲು ಆತುರ ಬೇಡ, ಮೊದಲು ಹಳೆ ಬಿಲ್ಲು ಕೂಡಿಸಿ, ಅರ್ಜಿ ಹಾಕಿ. ಎದುರಿನವರು ನಿಮಗಿಂತ ಮೊದಲಿನಿಂದ ಆ ಹೆಸರು ಬಳಸುತ್ತಿದ್ದರೆ ನೋಟಿಸ್ ಕೊಟ್ಟವರೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಹೋಗುವುದಂತ ತೀರ್ಮಾನ ಆದರೆ ಈಗಿನ ಸೀನಿಯರಿಗೆ ಒಂದು ತಿಂಗಳು ಮೊದಲೇ ಹೇಳಲಿ. ತನ್ನ ಹೆಸರಿನಲ್ಲಿ ವಕಾಲತ್ತು ಇರುವ ಫೈಲುಗಳ ಪಟ್ಟಿ ಮಾಡಿ, ಮುಂದಿನ ತಾರೀಖು ಬರೆದು, ಎನ್‌ಒಸಿ ಸಹಿ ಹಾಕಿ ಒಪ್ಪಿಸಿ ಹೋಗಲಿ. ಇಲ್ಲಿನ ಬಾರ್ ಸಣ್ಣದು. ವಾಪಸ್ ಬಂದಾಗ ಮೊದಲ ಐಪಿ ಕೇಸು ಕಳಿಸುವವರು ಆ ಸೀನಿಯರೇ ಆಗಿರುವ ಸಾಧ್ಯತೆ ಜಾಸ್ತಿ.